ಹಾಲ್‌ಗೆ ಪ್ರೊಜೆಕ್ಟರ್ ಸ್ಕ್ರೀನ್: 120 ಇಂಚು ಹಾಕ್ಸಿ ಅಂತಾವ್ರೆ, ಯಾವ ಗೋಡೆಗೆ ಹಾಕ್ಲಿ? (ತುಮಕೂರು)

ಕ್ಯಾತ್ಸಂದ್ರ_ಹೊಸಮನೆ

ಎಲ್ರಿಗೂ ನಮಸ್ಕಾರ. ಕ್ಯಾತ್ಸಂದ್ರ ಕಡೆ ಮನೆ ಕಟ್ಟಿ ಗೃಹಪ್ರವೇಶ ಆಗಿ ನಾಲ್ಕು ತಿಂಗಳಾಯ್ತು. ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕ್ಬೇಕು ಅನ್ನೋದು ಪಾಯ ತೆಗೆದಾಗಿಂದ ಇರೋ ಆಸೆ, ಪ್ರೊಜೆಕ್ಟರ್ ಅಂತೂ ತಗೊಂಡಾಯ್ತು, ಈಗ ಸ್ಕ್ರೀನ್ ಹತ್ರ ಬಂದು ನಿಂತಿದೀನಿ. ಹೊಸ ಪೇಂಟ್ ಆಗಿರೋ ಗೋಡೆ, ಒಂದ್ಸಲ ಕೊರೆದ್ರೆ ಕೊರೆದಂಗೆ, ಅದಕ್ಕೆ ಮೊದ್ಲೇ ಕೇಳಿಬಿಡೋಣ ಅಂತ.

ಹಾಲ್ 16 ಅಡಿ ಉದ್ದ, 11 ಅಡಿ ಅಗಲ, ಎತ್ತರ 10 ಅಡಿ. ಪೂರ್ವದ 11 ಅಡಿ ಗೋಡೇಲಿ ಮೇನ್ ಡೋರ್. ಅದರ ಎದುರು ಪಶ್ಚಿಮದ ಗೋಡೇಲಿ 5 ಅಡಿ ಕಿಟಕಿ, ಮಧ್ಯಾಹ್ನ ಮೂರಕ್ಕೆ ಶುರುವಾದ್ರೆ ಸಂಜೆ ಆರರ ತನಕ ಬಿಸಿಲು ಸೀದಾ ಒಳಗೆ ಬರುತ್ತೆ. ಉತ್ತರದ ಉದ್ದ ಗೋಡೇಲಿ ಈಶಾನ್ಯದ ಮೂಲೆಗೆ ದೇವರ ಮನೆ ಬಾಗ್ಲು, ಅದು ಬಿಟ್ರೆ ಹತ್ತಡಿ ಖಾಲಿ ಗೋಡೆ, ಈಗ 43 ಇಂಚು ಟಿವಿ ಇರೋದು ಅಲ್ಲೇ. ದಕ್ಷಿಣದ ಗೋಡೆಗೆ ಒರಗಿಸಿ ಸೋಫಾ, ಪಕ್ಕದಲ್ಲಿ ಅಪ್ಪ ಮಲಗೋ ದಿವಾನ.

ಪ್ರೊಜೆಕ್ಟರ್ 1080ಪಿ, ಬೆಳಕು 700 ಆನ್ಸಿ ಲ್ಯೂಮೆನ್ಸ್, ಥ್ರೋ ರೇಶಿಯೋ 1.2 ಅಂತ ಇದೆ, ಝೂಮ್ ಇಲ್ಲ.

ಅಂಗಡೀಲಿ ಕೇಳಿದ್ರೆ ಟಿವಿ ಇರೋ ಗೋಡೆಗೇ 120 ಇಂಚು ಮೋಟರೈಸ್ಡ್ ಹಾಕ್ಬಿಡಿ ಸರ್ ಅಂದ್ರು. ಇನ್ನೊಬ್ರು ಬಿಸಿಲು ಬರುತ್ತೆ ಅಂದ್ರೆ ಬಿಳಿ ಸ್ಕ್ರೀನ್ ದಂಡ, ಕಪ್ಪು ಬಣ್ಣದ್ದು ಬರುತ್ತೆ ಅದನ್ನ ಹಾಕಿ ಅಂದ್ರು, ರೇಟ್ ಕೇಳಿ ಸುಮ್ನೆ ಎದ್ದು ಬಂದೆ. ಅಮ್ಮ ಒಂದೇ ಮಾತು ಹೇಳಿದಾರೆ, ದೇವರ ಮನೆ ಬಾಗ್ಲಿಗೆ ಏನೂ ಅಡ್ಡ ಬರಬಾರ್ದು ಅಂತ. ನಾವು ನೋಡೋದು ಹೆಚ್ಚಾಗಿ ರಾತ್ರಿ ಸಿನಿಮಾ, ಭಾನುವಾರ ಸಂಜೆ ಕ್ರಿಕೆಟ್ ಇದ್ರೆ ಕ್ರಿಕೆಟ್. ಯಾವ ಸೈಜು, ಯಾವ ಬಟ್ಟೆ, ಯಾವ ಗೋಡೆ? ದಯವಿಟ್ಟು ಹಾಕಿಸ್ಕೊಂಡಿರೋರು ಹೇಳಿ.

---

ಎಸ್‌ಎಸ್‌ಪುರಂ_ಪಿಕ್ಚರ್

ಹೊಸಮನೆಯವ್ರೇ, ನಾನೂ ತುಮಕೂರೇ, ಮೂರು ವರ್ಷದ ಹಿಂದೆ ಹಾಕಿಸಿದ್ದು, ಒಂದ್ಸಲ ತಪ್ಪು ಮಾಡಿ ಎರಡನೇ ಸಲ ಸರಿ ಮಾಡ್ಕೊಂಡಿದ್ದು. ಹಂಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲನೇದು, ಆ 120 ಇಂಚು ಉತ್ತರದ ಗೋಡೆಗೆ ಆಗೋದೇ ಇಲ್ಲ. ಚಿತ್ರದ ಅಗಲಾನ ಥ್ರೋ ರೇಶಿಯೋ ಇಂದ ಗುಣಿಸಿದ್ರೆ ಲೆನ್ಸ್ ಎಷ್ಟು ದೂರ ಇರ್ಬೇಕು ಅನ್ನೋದು ಬರುತ್ತೆ. 120 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ, 16:9 ಸ್ಕ್ರೀನ್‌ನಲ್ಲಿ ಅದರ ಅಗಲ 104.6 ಇಂಚು, 1.2 ಇಂದ ಗುಣಿಸಿ, 125 ಇಂಚು ದಾಟುತ್ತೆ, ಅಂದ್ರೆ ಹತ್ತೂವರೆ ಅಡಿ. ನಿಮ್ಮ ಹಾಲ್ ಅಗಲವೇ 11 ಅಡಿ. ಲೆನ್ಸ್ ಹಿಂದಕ್ಕೆ ಪ್ರೊಜೆಕ್ಟರ್ ಬಾಡಿ ಇದೆ, ಅದರ ಹಿಂದೆ ಕೇಬಲ್ ಬಗ್ಗೋಕೆ ಜಾಗ ಬೇಕು, ಗಾಳಿ ಹೋಗೋಕೆ ಜಾಗ ಬೇಕು, ಎಲ್ಲಿಂದ ತರ್ತೀರ? ಝೂಮೂ ಇಲ್ಲ. ಅಂಗಡಿಯವ್ರು ನಿಮ್ಮ ಹಾಲ್ ಅಳತೆನೂ ಕೇಳ್ದೇ ಪ್ರೊಜೆಕ್ಟರ್ ಯಾವ್ದು ಅಂತನೂ ಕೇಳ್ದೇ ಸೈಜು ಹೇಳಿದಾರೆ ಅಷ್ಟೇ.

ಎರಡನೇದು ಕೂರೋ ದೂರ. ದಕ್ಷಿಣದ ಸೋಫಾದಲ್ಲಿ ಕೂತ್ರೆ ಕಣ್ಣಿಂದ ಉತ್ತರದ ಗೋಡೆಗೆ ಒಂಬತ್ತಡಿ ಇರಬಹುದು. 100 ಇಂಚಿನ ಸ್ಕ್ರೀನ್‌ಗೆ ಹತ್ತರಿಂದ ಹದಿಮೂರೂವರೆ ಅಡಿ ದೂರ ಹಾಯಾಗಿರುತ್ತೆ, 120ಕ್ಕೆ ಹನ್ನೆರಡರಿಂದ ಹದಿನಾರು. ಒಂಬತ್ತಡೀಲಿ ಕೂತು 120 ನೋಡಿದ್ರೆ ಕ್ರಿಕೆಟಲ್ಲಿ ಬಾಲ್ ಹಿಂದೆ ಕತ್ತು ತಿರುಗಿಸ್ತಾ ಇರ್ಬೇಕು, ಅರ್ಧ ಗಂಟೆಗೆ ಸುಸ್ತು.

ಇನ್ನು ಬೆಳಕು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನಾನು ದುಡ್ಡು ಕಳ್ಕೊಂಡಿದ್ದು ಇಲ್ಲೇ. ಟಿವಿ ತಾನೇ ಬೆಳಗುತ್ತೆ, ಸ್ಕ್ರೀನ್ ಹಂಗಲ್ಲ, ಅದು ತನ್ನ ಮೇಲೆ ಬಿದ್ದಿದ್ದನ್ನ ವಾಪಸ್ ಕೊಡೋ ಬಟ್ಟೆ. ಚಿತ್ರದಲ್ಲಿ ಕಪ್ಪು ಅಂದ್ರೆ ಪ್ರೊಜೆಕ್ಟರ್ ಬೆಳಕು ಬಿಡದೇ ಇರೋ ಜಾಗ ಅಷ್ಟೇ, ಅಲ್ಲಿಗೆ ಕಿಟಕಿ ಬೆಳಕೋ ಟ್ಯೂಬ್‌ಲೈಟ್ ಬೆಳಕೋ ಬಿದ್ರೆ ಆ ಕಪ್ಪು ಬೂದು ಬಣ್ಣ ಆಗುತ್ತೆ, ರಾತ್ರಿ ಸೀನ್‌ನಲ್ಲಿ ಹೀರೋ ಮುಖನೇ ಕಾಣಲ್ಲ. ಈ ಕಷ್ಟಕ್ಕೆ ಎಎಲ್‌ಆರ್ ಅಂತ ಬೂದು ಕಪ್ಪು ಸ್ಕ್ರೀನ್ ಬಂದಿದೆ, ಪಕ್ಕದಿಂದ ಮೇಲಿಂದ ಬರೋ ಬೆಳಕನ್ನ ತಿಂದು ಪ್ರೊಜೆಕ್ಟರ್ ಬೆಳಕನ್ನ ಮಾತ್ರ ನಮ್ಮ ಕಡೆ ಕಳ್ಸುತ್ತೆ. ಒಳ್ಳೇ ಸಾಮಾನೇ, ಸುಳ್ಳಲ್ಲ. ಆದ್ರೆ ಅದರಲ್ಲಿ ಎರಡು ಜಾತಿ ಇದೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ಗೋಡೆಗೆ ಅಂಟಿಕೊಂಡಂಗೆ ಟೇಬಲ್ ಮೇಲಿಟ್ಟು ಕೆಳಗಿಂದ ಮೇಲಕ್ಕೆ ಬೆಳಕು ಬಿಡೋ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗೆ ಅಂತಲೇ ಒಂದು ಬರುತ್ತೆ, ಅದರ ಮೇಲ್ಮೈ ಮೇಲೆ ಉಗುರು ಎಳೆದ್ರೆ ಸಣ್ಣ ಸಣ್ಣ ಗೆರೆ ಸಿಗುತ್ತೆ, ಅಡ್ಡಕ್ಕೆ ಹಲ್ಲು ಹಲ್ಲಾಗಿ, ಬಾಚಣಿಗೆ ಥರ. ಆ ಹಲ್ಲು ಕೆಳಗಿನ ಬೆಳಕನ್ನ ಇಟ್ಕೊಳ್ಳುತ್ತೆ, ಮೇಲಿಂದ ಬರೋದನ್ನ ನುಂಗುತ್ತೆ. ನಂದು ಸೀಲಿಂಗ್‌ಗೆ ನೇತು ಹಾಕಿರೋ ಮಾಮೂಲಿ ಪ್ರೊಜೆಕ್ಟರ್. ಮೇಲಿಂದ ಬರೋ ಬೆಳಕು ಅಂದ್ರೆ ನನ್ನ ಪ್ರೊಜೆಕ್ಟರೇ! ಹಾಕಿ ಆನ್ ಮಾಡಿದ್ರೆ ಚಿತ್ರ ಮಂಕು, ಪಕ್ಕದ ಬರೀ ಗೋಡೆ ಮೇಲೆ ಬಿದ್ದ ಅಂಚು ಸ್ಕ್ರೀನ್ ಮೇಲಿನದ್ದಕ್ಕಿಂತ ಹೊಳೀತಿತ್ತು. ಮಾರಿದವ್ರು ವಾಪಸ್ ತಗೊಳ್ಳಲ್ಲ ಅಂದ್ರು. ಎರಡು ವರ್ಷ ಅಟ್ಟದ ಮೇಲಿತ್ತು, ಕೊನೆಗೆ ಆ ಥರ ಪ್ರೊಜೆಕ್ಟರ್ ಇದ್ದವ್ರಿಗೆ ಅರ್ಧ ರೇಟಿಗೆ ಕೊಟ್ಟೆ.

ಅದಕ್ಕೇ ನಿಮ್ಗೆ ಹೇಳ್ತೀನಿ, ಬಟ್ಟೆ ಯೋಚನೆ ಆಮೇಲೆ. ಸ್ಕ್ರೀನ್ ಮುಖದ ಮೇಲೆ ಬಿಸಿಲು ಬೀಳದ ಜಾಗ ಯಾವ್ದು ಅಂತ ನೋಡಿ. ನಿಮ್ಮ ಹಾಲ್‌ನಲ್ಲಿ ಅದು ಆ ಕಿಟಕಿ ಇರೋ ಪಶ್ಚಿಮದ ಗೋಡೆನೇ. ಕೇಳೋಕೆ ಉಲ್ಟಾ ಅನ್ಸುತ್ತೆ, ಆದ್ರೆ ಯೋಚ್ನೆ ಮಾಡಿ, ಕಿಟಕಿ ಮುಂದೆ ಸ್ಕ್ರೀನ್ ಇಳಿಸಿದ್ರೆ ಬಿಸಿಲು ಬೀಳೋದು ಸ್ಕ್ರೀನ್ ಬೆನ್ನಿಗೆ. ಹಿಂದುಗಡೆ ಕಪ್ಪು ಕೋಟಿಂಗ್ ಇರೋ ಸ್ಕ್ರೀನ್ ಕೇಳಿ ತಗೊಂಡ್ರೆ ಬೆಳಕು ತೂರಲ್ಲ. ಅಂಚಲ್ಲಿ ಇಣುಕೋದಕ್ಕೆ ಕಿಟಕಿಗಿಂತ ಎರಡೂ ಕಡೆ ಅರ್ಧರ್ಧ ಅಡಿ ಜಾಸ್ತಿ ಇರೋ ದಪ್ಪ ಕರ್ಟನ್. ಸಿನಿಮಾ ಮುಗಿದ್ಮೇಲೆ ಮೇಲೆ ಸುತ್ತಿಬಿಟ್ರೆ ಕಿಟಕಿ ಕಿಟಕಿ ಆಗೇ ಇರುತ್ತೆ. ದೇವರ ಮನೆ ಬಾಗ್ಲಿಗೂ ಇದಕ್ಕೂ ಸಂಬಂಧನೇ ಇಲ್ಲ. ಕೂರೋಕೆ ಹನ್ನೆರಡು ಹದಿಮೂರು ಅಡಿ ಸಿಗುತ್ತೆ.

ಸೈಜು: ಥಿಯೇಟರ್‌ಗಳಿಗೆ ಡಿಸಿಐ ಅನ್ನೋ ಡಿಜಿಟಲ್ ಸಿನಿಮಾ ಸ್ಟ್ಯಾಂಡರ್ಡ್ ಪ್ರಕಾರ ಪರದೆ ಮೇಲೆ 14 ಫುಟ್‌ಲ್ಯಾಂಬರ್ಟ್ (ಪರದೆ ಎಷ್ಟು ಹೊಳೆಯುತ್ತೆ ಅನ್ನೋ ಅಳತೆ) ಬೆಳಕಿರ್ಬೇಕು. ಮನೇಲಿ ಲೆಕ್ಕ ಸುಲಭ, ಆನ್ಸಿ ಲ್ಯೂಮೆನ್ಸ್‌ನ ಸ್ಕ್ರೀನಿನ ಚದರಡಿಯಿಂದ ಭಾಗಿಸಿ, ಸ್ಕ್ರೀನ್ ಗೇನ್ ಇಂದ, ಅಂದ್ರೆ ಬಿದ್ದ ಬೆಳಕನ್ನ ಸ್ಕ್ರೀನ್ ಎದುರಿಗೆ ಎಷ್ಟು ವಾಪಸ್ ಕೊಡುತ್ತೆ ಅನ್ನೋ ಅಂಕಿಯಿಂದ, ಗುಣಿಸಿ. ಗೇನ್ 1 ಇರೋ ಬಿಳಿ ಮ್ಯಾಟ್ ಸ್ಕ್ರೀನ್ 100 ಇಂಚಿಂದು ಸುಮಾರು 30 ಚದರಡಿ, ನಿಮ್ಮ 700ಕ್ಕೆ 23 ಚಿಲ್ಲರೆ ಬರುತ್ತೆ. 120 ಆದ್ರೆ 43 ಚದರಡಿ ಹತ್ರ, 16 ಬರುತ್ತೆ. ಕತ್ತಲಲ್ಲಿ 16 ಸಾಕು, ಆದ್ರೆ ವರ್ಷ ಕಳೆದಂಗೆ ಪ್ರೊಜೆಕ್ಟರ್ ಬೆಳಕು ಇಳಿಯುತ್ತೆ, ಭಾನುವಾರ ಸಂಜೆ ಮನೇಲಿ ಪೂರ್ತಿ ಕತ್ತಲೂ ಮಾಡಕ್ಕಾಗಲ್ಲ. ನಾನಾದ್ರೆ 100, ಆಸೆ ತಡೀಲಿಲ್ಲ ಅಂದ್ರೆ 110.

ಗೇನ್ 1 ಬಿಳಿ ಮ್ಯಾಟ್‌ನೇ ಯಾಕೆ ಅಂದ್ರೆ ಅಪ್ಪನ ದಿವಾನ. ಅವ್ರು ಪಕ್ಕದಿಂದ ಓರೆಯಾಗಿ ನೋಡ್ತಾರೆ. ಗೇನ್ ಜಾಸ್ತಿ ಇರೋ ಹೊಳಪಿನ ಸ್ಕ್ರೀನು, ಎಎಲ್‌ಆರು, ಇವೆಲ್ಲಾ ಎದುರಿಗೆ ಕೂತವ್ರಿಗೆ ಚೆನ್ನಾಗಿ ಕೊಟ್ಟು ಪಕ್ಕದವ್ರಿಗೆ ಕಮ್ಮಿ ಕೊಡ್ತವೆ. ಮ್ಯಾಟ್ ಬಿಳಿ ಎಲ್ರಿಗೂ ಒಂದೇ ಸಮ ಹಂಚುತ್ತೆ.

ಏನೇ ತಗೊಳ್ಳೋ ಮುಂಚೆ ಒಂದು ವಾರ ಬೆಡ್‌ಶೀಟ್ ಕಟ್ಟಿ ನೋಡಿ. ನಿಜವಾಗ್ಲೂ.

---

ಚಿಂತಾಮಣಿ_ಟಗರು

ಮೇಲಿನವ್ರು ಹೇಳಿದ್ದು ಸರಿ, ನಾನು ಇನ್ನೊಂದು ದಾರಿ ಹೇಳ್ತೀನಿ. ಸ್ಕ್ರೀನ್ ಯಾಕೆ ಬೇಕು, ಗೋಡೆನೇ ಸ್ಕ್ರೀನ್ ಮಾಡ್ಕೊಳ್ಳಿ. ನಮ್ಮನೇಲಿ ಐದು ವರ್ಷದಿಂದ ಹಂಗೇ ನಡೀತೈತೆ. ಪೇಂಟರ್‌ಗೆ ಹೇಳಿ ಆ ಜಾಗಕ್ಕೆ ಮಾತ್ರ ಪುಟ್ಟಿ ಎರಡು ಕೋಟ್ ಎಳೆಸಿ, ಒಣಗಿದ್ಮೇಲೆ ನೈಸ್ ಪೇಪರಲ್ಲಿ ಉಜ್ಜಿಸಿ, ಮೇಲೆ ಮ್ಯಾಟ್ ಫಿನಿಶ್ ಬಿಳಿ ಎಮಲ್ಷನ್. ಶೀನ್ ಇರೋದು ಬೇಡವೇ ಬೇಡ, ಪ್ರೊಜೆಕ್ಟರ್ ಬಲ್ಬ್ ಗೋಡೆ ಮಧ್ಯ ಹೊಳೆಯುತ್ತೆ.

ಗೋಡೆ ಸಮ ಐತೋ ಇಲ್ವೋ ಅಂತ ಹಗಲು ನೋಡಿದ್ರೆ ಗೊತ್ತಾಗಲ್ಲ. ರಾತ್ರಿ ಲೈಟೆಲ್ಲ ಆರಿಸಿ ಟಾರ್ಚನ್ನ ಗೋಡೆಗೆ ಕೆನ್ನೆ ತಾಗಿಸಿದಂಗೆ ಅಡ್ಡ ಹಿಡೀರಿ. ಕರಣೆ ಎಳೆದ ಗುರುತು, ತಗ್ಗು, ಉಬ್ಬು, ಒಂದೊಂದಕ್ಕೂ ನೆರಳು ಬೀಳುತ್ತೆ. ನಮ್ಮ ಪೇಂಟರ್ ಸಮ ಐತೆ ಅಂತ ಹಟ ಹಿಡಿದಿದ್ದೋರು, ಟಾರ್ಚ್ ಹಾಕಿ ತೋರಿಸಿದ್ಮೇಲೆ ತಾವಾಗೇ ಮತ್ತೆ ಪೇಪರ್ ಹಿಡಿದು ಕೂತ್ರು. ಆಮೇಲೆ ಅಂಚಿಗೆ ಸುತ್ತ ಮೂರಿಂಚು ಕಪ್ಪು ವೆಲ್ವೆಟ್ ಟೇಪ್ ಹೊಡೀರಿ, ಚಿತ್ರ ಅಲ್ಪ ಸ್ವಲ್ಪ ಆಚೆ ಈಚೆ ಹೋದ್ರೂ ಅದು ನುಂಗ್ಕೊಳ್ಳುತ್ತೆ, ಕಣ್ಣಿಗೂ ಬಣ್ಣ ಗಟ್ಟಿಯಾಗಿ ಕಾಣುತ್ತೆ. ಸುಕ್ಕು ಬರಲ್ಲ, ಮೋಟರ್ ಕೆಡಲ್ಲ.

ಆದ್ರೆ ಇದು ಕಿಟಕಿ ಇರೋ ಗೋಡೆಗೆ ಆಗಲ್ಲ ಅನ್ನೋದು ಒಪ್ಕೊಂತೀನಿ. ಉತ್ತರದ ಗೋಡೆಗೆ 84 ಇಂಚು ಮಾಡ್ಕೊಂಡ್ರೆ ಆಗುತ್ತೆ, ಅಗಲ 73 ಇಂಚು, ಸೋಫಾನೂ ಅಲ್ಲಾಡಿಸ್ಬೇಕಿಲ್ಲ.

---

ರಾಬರ್ಟ್‌ಸನ್‌ಪೇಟೆ_ವೈರಿಂಗ್

ನಾನು ಕೆಜಿಎಫ್, ಎಲೆಕ್ಟ್ರಿಕಲ್ ಕೆಲ್ಸ, ಸ್ಕ್ರೀನ್ ಸುಮಾರು ಕೂರಿಸಿದೀನಿ. ಕೂರಿಸೋ ವಿಷಯ ಯಾರೂ ಬರೀಲಿಲ್ಲ, ಅದನ್ನ ಹೇಳ್ತೀನಿ ಅಣ್ಣ.

ಪಶ್ಚಿಮದ ಗೋಡೆಗೆ ಹಾಕೋದಾದ್ರೆ ಕಿಟಕಿ ಮೇಲಿನ ಲಿಂಟಲ್‌ಗೆ ಹಾಕಿ, ಬೇರೆ ಎಲ್ಲೂ ಬೇಡ. ಸಾಮಾನ್ಯವಾಗಿ ಏಳಡಿ ಎತ್ತರದಲ್ಲಿ ಆರಿಂಚಿನ ಕಾಂಕ್ರೀಟು, ಹೊಸ ಮನೆಗಳಲ್ಲಿ ಗೋಡೆ ಪೂರ್ತಿ ಓಡಿಸಿರ್ತಾರೆ, ನಿಮ್ಮ ಮೇಸ್ತ್ರೀನ ಕೇಳಿ. ಕಾಂಕ್ರೀಟಲ್ಲಿ ಆಂಕರ್ ಬೋಲ್ಟ್ ಹಿಡಿದ್ರೆ ಅಲ್ಲಾಡಲ್ಲ. ಪಿಒಪಿ ಸೀಲಿಂಗ್ ಇದ್ರೆ ಅದಕ್ಕೆ ಸ್ಕ್ರೀನಾಗ್ಲಿ ಪ್ರೊಜೆಕ್ಟರಾಗ್ಲಿ ನೇತು ಹಾಕ್ಬೇಡಿ, ಕೊರೆದು ಮೇಲಿನ ಆರ್‌ಸಿಸಿಗೆ ರಾಡ್ ಕೊಟ್ಟು ಇಳಿಸ್ಕೊಬೇಕು. ನಮ್ಮ ಕೋಲಾರದ ಕಡೆ ಹಳೇ ಮನೆಗಳಲ್ಲಿ ಸೈಜುಗಲ್ಲು ಗೋಡೆ ಬರುತ್ತೆ, ಅಲ್ಲಿ ಕಲ್ಲಿಗೆ ಕೊರೆಯೋದಕ್ಕಿಂತ ಮೊದ್ಲು ಒಂದು ಮರದ ಪಟ್ಟಿ ಕೂರಿಸಿ ಅದಕ್ಕೆ ಸ್ಕ್ರೀನ್ ಹಾಕ್ತೀವಿ, ಸಂದಿನ ಗಾರೆಗೆ ಪ್ಲಗ್ ಹೊಡೆದ್ರೆ ಕಿತ್ಕೊಂಡು ಬರುತ್ತೆ. ನಿಮ್ಗೆ ಆ ತಾಪತ್ರಯ ಇಲ್ಲ.

ಕಿಟಕಿ ಇದೆ ಅಂದ್ಮೇಲೆ ಕರ್ಟನ್ ರಾಡ್ ಇದೆ, ಅದು ಗೋಡೆಯಿಂದ ಮೂರ್ನಾಲ್ಕು ಇಂಚು ಮುಂದೆ ಇರುತ್ತೆ. ಸ್ಕ್ರೀನ್ ಅದಕ್ಕೆ ತಾಗದಂಗೆ ಮುಂದೆ ಇಳೀಬೇಕು, ಎಲ್ ಬ್ರಾಕೆಟ್ ಹಾಕ್ಬೇಕಾಗುತ್ತೆ. ಅಳತೆ ತಗೊಳ್ಳೋವಾಗ ಕರ್ಟನ್ ಮಡಿಕೆ ಬಿದ್ದಾಗ ಎಷ್ಟು ಉಬ್ಬುತ್ತೆ ಅಂತನೂ ನೋಡಿ.

ಎತ್ತರ: 100 ಇಂಚಿನ ಚಿತ್ರದ ಎತ್ತರ 49 ಇಂಚು. ಸೋಫಾದಲ್ಲಿ ಕೂತವ್ರ ಕಣ್ಣು ನೆಲದಿಂದ 40 ಇಂಚು ಹತ್ರ ಇರುತ್ತೆ, ಅದು ಚಿತ್ರದ ಕೆಳಗಿನ ಮೂರರಲ್ಲೊಂದು ಭಾಗದಲ್ಲಿ ಬರ್ಬೇಕು. ಅಂದ್ರೆ ಚಿತ್ರದ ಕೆಳಗಿನ ಅಂಚು ನೆಲದಿಂದ ಎರಡೂವರೆ ಅಡಿ. ಎಷ್ಟೋ ಮನೇಲಿ ಸೀಲಿಂಗ್‌ಗೆ ಅಂಟಿಸಿ ಮೇಲಕ್ಕೆ ಬಿಟ್ಟಿರ್ತಾರೆ, ನೋಡೋರೆಲ್ಲ ಗೋಪುರ ನೋಡ್ದಂಗೆ ತಲೆ ಎತ್ಕೊಂಡು ಕೂತಿರ್ತಾರೆ. ಮೇಲೆ ಜಾಗ ಉಳೀತದೆ ಅಂದ್ರೆ ಬ್ಲ್ಯಾಕ್ ಡ್ರಾಪ್ ಜಾಸ್ತಿ ಇರೋದು ಕೇಳಿ, ಬಿಳಿ ಬಟ್ಟೆ ಮೇಲೆ ಕಪ್ಪು ಬಟ್ಟೆ ಒಂದಡಿ ತನಕ ಸೇರಿಸಿ ಕೊಡ್ತಾರೆ.

ಫ್ಯಾನ್! ಇದು ಎಲ್ರೂ ಮರೆಯೋದು. ಪ್ರೊಜೆಕ್ಟರ್ ಸ್ಕ್ರೀನಿಂದ ಒಂಬತ್ತಡಿ ದೂರ ಅಂದ್ರೆ ನಿಮ್ಮ 16 ಅಡಿ ಹಾಲ್‌ನಲ್ಲಿ ಸರೀಗೆ ನಡೂಮಧ್ಯೆ ಬರುತ್ತೆ, ಫ್ಯಾನ್ ಇರೋದೂ ಅಲ್ಲೇ. ಒಂದೋ ಬೆಳಕಿನ ದಾರಿಗೆ ರೆಕ್ಕೆ ಸಿಕ್ಕಿ ಚಿತ್ರ ಪಟಪಟ ಅನ್ನುತ್ತೆ, ಇಲ್ಲಾ ಪ್ರೊಜೆಕ್ಟರನ್ನ ಫ್ಯಾನ್ ಕೆಳಗೆ ಇಳಿಸಿದ್ರೆ ಓಡಾಡೋರ ತಲೆಗೆ ತಾಗುತ್ತೆ. ಫ್ಯಾನ್ ಹುಕ್ಕಿಂದ ಪಶ್ಚಿಮದ ಗೋಡೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಹೇಳಿ. ಇನ್ನೊಂದು, ಫ್ಯಾನ್ ಗಾಳಿಗೆ ಪುಲ್‌ಡೌನ್ ಸ್ಕ್ರೀನ್ ಅಲೆ ಅಲೆಯಾಗಿ ಅಲ್ಲಾಡುತ್ತೆ, ಕಿಟಕಿ ತೆಗೆದಿಟ್ರೂ ಅಷ್ಟೇ. ಎರಡೂ ಅಂಚಿಗೆ ದಾರ ಎಳೆದು ಬಿಗಿ ಮಾಡಿರೋದು ಬರುತ್ತೆ, ಟ್ಯಾಬ್ ಟೆನ್ಷನ್ ಅಂತಾರೆ, ದುಡ್ಡು ಜಾಸ್ತಿ, ಆದ್ರೆ ಬಟ್ಟೆ ಹಲಗೆ ಥರ ನಿಲ್ಲುತ್ತೆ. ಬಿಗಿ ಇಲ್ಲದ್ದು ವರ್ಷ ಎರಡು ವರ್ಷಕ್ಕೆ ಅಂಚು ಒಳಕ್ಕೆ ಸುರುಳಿ ಸುತ್ಕೊಳ್ಳೋದನ್ನ ತುಂಬಾ ನೋಡಿದೀನಿ, ಅದೂ ಬಿಸಿಲು ಕಾಯೋ ಗೋಡೇಲಿ ಬೇಗ.

ಕೈಯಲ್ಲಿ ಎಳೆಯೋದು ತಗೊಂಡ್ರೆ ಮನೇಲಿ ಮಕ್ಕಳಿದ್ರೆ ಹುಷಾರು, ಅರ್ಧಕ್ಕೆ ಎಳೆದು ಕೈ ಬಿಟ್ರೆ ಸ್ಪ್ರಿಂಗ್ ಧಡಾರ್ ಅಂತ ಮೇಲಕ್ಕೆ ಹೊಡೆಯುತ್ತೆ. ಮೋಟರ್ ಆದ್ರೆ ಲಿಂಟಲ್ ಪಕ್ಕ ಒಂದು 5 ಆಂಪ್ ಪಾಯಿಂಟ್ ಬೇಕು. ಪ್ರೊಜೆಕ್ಟರ್ ತನಕ ಎಚ್‌ಡಿಎಂಐ ಗೋಡೆ ಒಳಗೆ ಓಡಿಸೋದಾದ್ರೆ ಮುಕ್ಕಾಲು ಇಂಚು ಪೈಪ್ ಹಾಕಿಸ್ಬೇಡಿ, ಬೆಂಡಲ್ಲಿ ಅದರ ತಲೆ ತೂರಲ್ಲ, ಒಂದೂಕಾಲು ಇಂಚು ಹಾಕ್ಸಿ.

---

ಕ್ಯಾತ್ಸಂದ್ರ_ಹೊಸಮನೆ

ಇಷ್ಟು ಹೇಳಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್, ಮೂರು ದಿನದಿಂದ ಮನೇಲಿ ಇದೇ ಕೆಲ್ಸ.

ಫ್ಯಾನ್ ಅಳತೆ ಹಿಡಿದೆ ಅಣ್ಣ, ಹುಕ್ಕಿಂದ ಪಶ್ಚಿಮದ ಗೋಡೆಗೆ 8 ಅಡಿ, ರೆಕ್ಕೆ ಎರಡಡಿ, ಅಂದ್ರೆ ರೆಕ್ಕೆ ಆರರಿಂದ ಹತ್ತಡಿ ತನಕ ಸುತ್ತುತ್ತೆ. ನೀವು ಹೇಳಿದ ಹಂಗೇ 100 ಇಂಚಿಗೆ ಲೆನ್ಸ್ 8.7 ಅಡಿಗೆ ಬರುತ್ತೆ, ಸರಿಯಾಗಿ ಫ್ಯಾನ್ ಕೆಳಗೆ. ಇದಕ್ಕೇನ್ ಮಾಡೋದು?

ಬೆಡ್‌ಶೀಟ್ ಪ್ರಯೋಗ ಮಾಡಿದೆ. ಡಬಲ್ ಕಾಟ್ ಬಿಳಿ ಬೆಡ್‌ಶೀಟ್ ಕರ್ಟನ್ ರಾಡಿಗೆ ಕ್ಲಿಪ್ ಹಾಕಿ ಇಳಿಬಿಟ್ಟೆ, ಪ್ರೊಜೆಕ್ಟರ್ ಸ್ಟೂಲ್ ಮೇಲಿಟ್ಟೆ. ಮೊದಲನೇ ದಿನ ಸಂಜೆ ನಾಲ್ಕಕ್ಕೆ ನೋಡಿದ್ರೆ ಕಿಟಕಿ ಸರಳೆಲ್ಲಾ ಬೆಡ್‌ಶೀಟ್ ಮೇಲೆ ಗೀಟು ಗೀಟಾಗಿ ಕಾಣ್ತಿತ್ತು, ಚಿತ್ರ ಎಲ್ಲಿದೆ ಅಂತ ಹುಡುಕಬೇಕು. ಎಸ್‌ಎಸ್‌ಪುರಂ ಅವ್ರು ಬೆನ್ನಿಗೆ ಕಪ್ಪು ಇರ್ಬೇಕು ಅಂದಿದ್ರಲ್ಲ, ಅಟ್ಟದಲ್ಲಿ ಅಜ್ಜಿ ಕಾಲದ ಕರಿ ಕಂಬಳಿ ಇತ್ತು, ಅದನ್ನ ಬೆಡ್‌ಶೀಟ್ ಹಿಂದೆ ಕಟ್ಟಿದೆ. ಏನ್ ಹೇಳಲಿ, ಅದೇ ನಾಲ್ಕು ಗಂಟೆಗೆ, ಆಚೆ ಉರಿ ಬಿಸಿಲು, ಒಳಗೆ ಮ್ಯಾಚ್ ಕಾಣ್ತಿದೆ! ಕಂಬಳಿ ಮುಗಿದ ಕಡೆ ಅಂಚಲ್ಲಿ ಒಂದು ಗೇಣು ಬಿಸಿಲು ಕಣ್ಣಿಗೆ ಹೊಡೀತಿತ್ತು, ಅಲ್ಲಿಗೆ ಟವಲ್ ಸಿಕ್ಕಿಸಿದೆ. ಅಪ್ಪ ದಿವಾನದಿಂದಲೇ ಸ್ಕೋರನ್ನ ಕನ್ನಡಕ ಇಲ್ದೇ ಓದಿದ್ರು.

ಉತ್ತರದ ಗೋಡೆಗೂ ಬಿಟ್ಟು ನೋಡಿದೆ, ಕಿಟಕಿ ಬಿಸಿಲು ಪಕ್ಕದಿಂದ ಸವರ್ಕೊಂಡು ಹೋಗಿ ಎಡಗಡೆ ಅರ್ಧ ಚಿತ್ರ ತೊಳೆದಂಗಿತ್ತು. ಹಂಗಾಗಿ ಗೋಡೆ ತೀರ್ಮಾನ ಆಯ್ತು, ಪಶ್ಚಿಮನೇ.

ಈಗ ಅಮ್ಮನ ಮಾತು ಬೇರೆ. ಸೋಫಾ ಪಶ್ಚಿಮಕ್ಕೆ ತಿರುಗಿಸಿದ್ರೆ ಬೆನ್ನು ಮೇನ್ ಡೋರ್‌ಗೆ ಬರುತ್ತೆ, ಮನೆಗೆ ಬಂದೋರಿಗೆ ಬೆನ್ನು ಕೊಟ್ಟು ಕೂರೋದಾ ಅಂತಾರೆ. ಅದೂ ಸರಿನೇ ಅಲ್ವಾ.

---

ಎಸ್‌ಎಸ್‌ಪುರಂ_ಪಿಕ್ಚರ್

ಕಂಬಳಿ ಐಡಿಯಾ ಓದಿ ತುಂಬಾ ಖುಷಿ ಆಯ್ತು. ಸ್ಕ್ರೀನ್ ಬಂದ್ಮೇಲೂ ಒಂದ್ಸಲ ಹಗಲು ಹೊತ್ತಲ್ಲಿ ಕಿಟಕಿಗೆ ಹಿಡಿದು ನೋಡಿ, ಸರಳು ಕಾಣಿಸಿದ್ರೆ ವಾಪಸ್ ಕೊಡಿ.

ಅಮ್ಮ ಹೇಳೋದು ನಿಜ, ಅವ್ರ ಮಾತು ಮೀರಿ ಮಾಡ್ಬೇಡಿ, ಹಾಲ್ ಇರೋದು ಮೊದ್ಲು ಬಂದೋರಿಗೆ, ಸಿನಿಮಾ ಆಮೇಲೆ. ನಮ್ಮನೇಲೂ ಇದೇ ಆಗಿತ್ತು. ಸೋಫಾ ದಕ್ಷಿಣದ ಗೋಡೇಲೇ ಇರಲಿ. ಕಾಲಿಗೆ ಫೆಲ್ಟ್ ಅಂಟಿಸಿ, ಟೈಲ್ಸ್ ಮೇಲೆ ಒಬ್ಬರೇ ತಳ್ಳಬಹುದು. ಸಿನಿಮಾ ಹಾಕೋವಾಗ ತಿರುಗಿಸಿ, ಮುಗಿದ್ಮೇಲೆ ವಾಪಸ್. ನಮ್ಮ ಮನೇಲಿ ಟೈಲ್ಸ್ ಸಂದಿಗೆ ಸಣ್ಣ ಗುರುತು ಹಾಕಿದೀವಿ, ಪ್ರತಿ ಸಲ ಅಲ್ಲಿಗೇ ಬಂದು ನಿಲ್ಲುತ್ತೆ.

ಫ್ಯಾನಿಗೆ ನಂಗೆ ತೋಚೋದು 120 ಇಂಚೇ ಹಾಕಿ ಪ್ರೊಜೆಕ್ಟರನ್ನ ಹತ್ತೂವರೆ ಅಡಿಗೆ, ರೆಕ್ಕೆ ಆಚೆಗೆ ತಗೊಂಡು ಹೋಗೋದು, ಆದ್ರೆ ಆಗ ಬೆಳಕು ಫ್ಯಾನ್ ಕೆಳಗೇ ಹಾದು ಹೋಗ್ಬೇಕು. ಕೆಜಿಎಫ್ ಅಣ್ಣನೇ ಹೇಳ್ಬೇಕು.

---

ರಾಬರ್ಟ್‌ಸನ್‌ಪೇಟೆ_ವೈರಿಂಗ್

ಫ್ಯಾನಿಗೋಸ್ಕರ ಸೈಜು ದೊಡ್ಡದು ಮಾಡ್ಬೇಡಿ. ಸುಲಭದ್ದು ಹೇಳ್ತೀನಿ. ಆ ಫ್ಯಾನ್ ತೆಗೆದು ಎರಡು ಗೋಡೆ ಫ್ಯಾನ್ ಹಾಕಿಸ್ಕೊಳ್ಳಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು, ಗಾಳಿ ಸ್ಕ್ರೀನ್ ಕಡೆಗೆ ತಿರುಗದಂಗೆ. ಹುಕ್ ಇದ್ದ ಜಾಗದಲ್ಲೇ ಕರೆಂಟ್ ಪಾಯಿಂಟ್ ರೆಡಿ ಇದೆ, ಪ್ರೊಜೆಕ್ಟರ್ ಮೌಂಟ್ ಅಲ್ಲೇ ಹತ್ರ ಬರುತ್ತೆ, ಬೇರೆ ವೈರ್ ಎಳೆಯೋ ಕೆಲ್ಸನೂ ಉಳೀತು. ಆ ಪಾಯಿಂಟಿಗೆ ಕೆಳಗೆ ರೆಗ್ಯುಲೇಟರ್ ಇರುತ್ತೆ, ಅದನ್ನ ಕಡ್ಡಾಯವಾಗಿ ತೆಗೆಸಿ ನೇರ ಸ್ವಿಚ್ ಮಾಡಿಸಿ, ಮರೀಬೇಡಿ, ರೆಗ್ಯುಲೇಟರ್ ಮೂಲಕ ಪ್ರೊಜೆಕ್ಟರ್‌ಗೆ ಕರೆಂಟ್ ಕೊಟ್ರೆ ಸುಟ್ಟು ಹೋಗುತ್ತೆ. ಅರ್ತ್ ವೈರೂ ಎಳೆಸಿ, ಫ್ಯಾನ್ ಪಾಯಿಂಟಿಗೆ ಸುಮಾರು ಕಡೆ ಅರ್ತ್ ಕೊಟ್ಟಿರಲ್ಲ.

ಇಷ್ಟ ಇಲ್ಲ ಅಂದ್ರೆ ಪ್ರೊಜೆಕ್ಟರ್ ಸೀಲಿಂಗ್‌ಗೆ ಬೇಡ, ಸೋಫಾ ಮುಂದೆ ಟೀಪಾಯ್ ಮೇಲಿಡಿ. ಸೀಲಿಂಗ್‌ಗೇ ಹಾಕ್ತೀರ ಅಂದ್ರೆ ತಲೆಕೆಳಗು ಮಾಡಿ ಎಷ್ಟು ಇಳಿಸ್ಬೇಕು ಅಂತ ಮೊದ್ಲು ಕೈಯಲ್ಲಿ ಹಿಡಿದು ನೋಡ್ಕೊಳ್ಳಿ. ಲೆನ್ಸ್ ಸ್ಕ್ರೀನಿಗೆ ನೇರ ಇದ್ದು ಚಿತ್ರ ಚೌಕಕ್ಕೆ ಕೂರಬೇಕು. ಕೂರಲಿಲ್ಲ ಅಂತ ಕೀಸ್ಟೋನ್, ಅಂದ್ರೆ ಓರೆ ಚಿತ್ರ ನೇರ ಮಾಡೋ ಸೆಟ್ಟಿಂಗ್, ಒತ್ತಿ ಒತ್ತಿ ಸರಿ ಮಾಡಿದ್ರೆ ಪ್ರೊಜೆಕ್ಟರ್ ಚಿತ್ರನ ಒಳಗೇ ಕತ್ತರಿಸಿ ಚಿಕ್ಕದು ಮಾಡುತ್ತೆ, 1080ಪಿ ಅಂತ ಕೊಟ್ಟ ದುಡ್ಡು ಅಲ್ಲೇ ಹೋಯ್ತು.

---

ಗುಬ್ಬಿ_ಮೇಷ್ಟ್ರು

ನಮ್ಮದು ಗುಬ್ಬಿ ವೀರಣ್ಣನವರ ಊರು, ಪರದೆ ಅಂದರೆ ನಮಗೆ ಮೊದಲು ನಾಟಕದ ಪರದೆಯೇ ನೆನಪಾಗೋದು. ಆಮೇಲೆ ಟೆಂಟ್ ಸಿನಿಮಾ. ನಾನು ಹುಡುಗನಾಗಿದ್ದಾಗ ಟೆಂಟಿನಲ್ಲಿ ಕತ್ತಲಾದ ಮೇಲೇ ಮೊದಲನೇ ಆಟ ಬಿಡ್ತಿದ್ದರು, ಬೇಸಿಗೆಯಲ್ಲಿ ಹೊತ್ತು ಮುಳುಗೋದು ತಡ ಆದರೆ ಆಟವೂ ತಡ. ನೀವೆಲ್ಲ ಲ್ಯೂಮೆನ್ಸ್ ಲೆಕ್ಕದಲ್ಲಿ ಹೇಳ್ತಿರೋದನ್ನ ಟೆಂಟಿನವರು ಆಕಾಶ ನೋಡಿ ಮಾಡ್ತಿದ್ದರು ಅಂತ ಓದ್ತಾ ಅನ್ನಿಸ್ತು.

ಒಂದು ಮಾತು ಸೇರಿಸ್ತೀನಿ. ಎಲ್ಲರೂ ಸೋಫಾದಲ್ಲಿ ಕೂತವರ ಕಣ್ಣಿನ ಎತ್ತರ ಹೇಳಿದಿರಿ. ನಮ್ಮ ಮನೆಗಳಲ್ಲಿ ನೆಂಟರು ಬಂದಾಗ ಚಾಪೆ ಹಾಸಿ ನೆಲಕ್ಕೆ ಕೂರ್ತೀವಿ, ಮಕ್ಕಳಂತೂ ನೆಲದಲ್ಲೇ. ಟೆಂಟಿನಲ್ಲಿ ಮುಂದೆ ಮರಳ ಮೇಲೆ ಕೂತು ನೋಡಿದ ರಾತ್ರಿ ಕತ್ತು ಹಿಡ್ಕೊಳ್ಳೋದು ನನಗೆ ಇವತ್ತಿಗೂ ನೆನಪಿದೆ. ಅದಕ್ಕೆ ಎರಡೂವರೆ ಅಡಿಗಿಂತ ಮೇಲಕ್ಕೆ ಹೋಗಬೇಡಿ, ಚಾಪೆ ಮೇಲಿನವರ ಕಣ್ಣು ಸುಮಾರು ಅಷ್ಟೇ ಎತ್ತರಕ್ಕೆ ಬರುತ್ತೆ, ಹಿಂದಿನ ಸೋಫಾದವರಿಗೂ ಇವರ ತಲೆ ಅಡ್ಡ ಬರಲ್ಲ. ಚಾಪೆಯನ್ನೂ ಸ್ಕ್ರೀನಿಗೆ ಅಂಟಿಸಿ ಹಾಸಬೇಡಿ, ಏಳೆಂಟು ಅಡಿಯಾದರೂ ಬಿಡಿ.

ಕಿಟಕಿ ಹತ್ತಿರ ಅನ್ನೋದಕ್ಕೆ ಇನ್ನೊಂದು. ಮೊದಲ ಮಳೆ ಬಿದ್ದ ರಾತ್ರಿ ಕತ್ತಲ ಮನೆಯಲ್ಲಿ ಹೊಳೆಯೋದು ಆ ಸ್ಕ್ರೀನ್ ಒಂದೇ, ಹುಳ ಎಲ್ಲ ಅದಕ್ಕೇ ಬಂದು ಕೂರುತ್ತೆ, ಹುಳದ ಹಿಂದೆ ಹಲ್ಲಿ. ನೋಡದೆ ಮೇಲಕ್ಕೆ ಸುತ್ತಿದರೆ ಒಳಗೆ ಅರೆದು ಕಲೆ ಆಗುತ್ತೆ, ಮಗನ ಮನೆಯ ಬಿಳಿ ಪರದೆ ನಟ್ಟನಡುವೆ ಹೆಬ್ಬೆರಳಗಲದ ಕಂದು ಕಲೆ ಇದೆ, ಯಾವ ಸಿನಿಮಾ ಹಾಕಿದರೂ ಆಕಾಶದಲ್ಲಿ ಅದು ಕಾಣುತ್ತೆ. ಕಿಟಕಿಗೆ ಜಾಲರಿ ಹಾಕಿಸಿ, ಸುತ್ತೋ ಮುಂಚೆ ಒಣ ಮೆತ್ತನೆ ಬಟ್ಟೆಯಲ್ಲಿ ಒಂದು ಸಲ ಸವರಿ.

---

ಚಿಂತಾಮಣಿ_ಟಗರು

ಮೇಷ್ಟ್ರು ಹೇಳಿದ್ದು ಸತ್ಯ ಸರ್, ಗೋಡೆಯಾದ್ರೆ ಒರೆಸಬಹುದು, ಬಟ್ಟೆಗೆ ಕಷ್ಟ. ಹೊಸಮನೆಯವ್ರೇ, ನಿಮ್ಗೆ ಪಶ್ಚಿಮನೇ ಸರಿ ಅಂತ ನಂಗೂ ಒಪ್ಪಿಗೆ ಆಯ್ತು. ಹೊಸ ಮನೆ ಅಂದ್ರೆ ಸೀಲಿಂಗು ಗೋಡೆ ಎಲ್ಲಾ ಬಿಳಿ ಇರ್ತವೆ, ಸ್ಕ್ರೀನಿಂದ ಹೋದ ಬೆಳಕು ಅವಕ್ಕೆ ಬಡಿದು ವಾಪಸ್ ಸ್ಕ್ರೀನಿಗೇ ಬರುತ್ತೆ. ಮುಂದಿನ ಸಲ ಪೇಂಟ್ ಮಾಡಿಸೋವಾಗ ಸ್ಕ್ರೀನ್ ಅಕ್ಕಪಕ್ಕದ ಮೂರಡಿ ಮಾತ್ರ ಗಾಢ ಬಣ್ಣ, ಮ್ಯಾಟು, ಕೊಡಿಸಿ ನೋಡಿ.

---

ಕ್ಯಾತ್ಸಂದ್ರ_ಹೊಸಮನೆ

ಒಂದು ವಾರ ಆದ್ಮೇಲೆ ಬರೀತಿದೀನಿ. ಸ್ಕ್ರೀನ್ ಆರ್ಡರ್ ಕೊಟ್ಟೆ: 100 ಇಂಚು, 16:9, ಗೇನ್ 1 ಮ್ಯಾಟ್ ಬಿಳಿ, ಹಿಂದೆ ಕಪ್ಪು, ಮೋಟರ್, ಟ್ಯಾಬ್ ಟೆನ್ಷನ್. 110ಕ್ಕೆ ಮನಸ್ಸು ಎಳೀತಿತ್ತು, ಬೆಡ್‌ಶೀಟ್ ಮೇಲೆ ಎರಡೂ ಗುರುತು ಮಾಡಿ ನೋಡಿದ್ವಿ, ಅಪ್ಪನಿಗೆ 100 ಸಾಕು ಅನ್ನಿಸ್ತು, ಮನೆಯವಳೂ ಅದನ್ನೇ ಅಂದ್ಲು. ಈಗಿನ ಸಿನಿಮಾ ಹೆಚ್ಚಿನವು 2.39 ಸ್ಕೋಪಲ್ಲಿ (ಎತ್ತರದ 2.39 ಪಟ್ಟು ಅಗಲ) ಬರೋದ್ರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿ ಹೋಗಿ ಚಿತ್ರದ ಎತ್ತರ 36 ಇಂಚು ಚಿಲ್ಲರೆ ಉಳಿಯುತ್ತೆ, ಅದಕ್ಕೆ ದೊಡ್ಡದು ಬೇಕಾ ಅಂತ ಒಂದು ಯೋಚನೆ ಇತ್ತು, ಆದ್ರೆ ಹದಿಮೂರಡಿಯಿಂದ ನೋಡಿದಾಗ ಕಮ್ಮಿ ಅನ್ನಿಸ್ಲಿಲ್ಲ.

ಫ್ಯಾನ್ ವಿಷಯ ಅಮ್ಮನಿಗೆ ಹೇಳಿದ್ರೆ ಬೇಸಿಗೇಲಿ ಗೋಡೆ ಫ್ಯಾನ್ ಸಾಲಲ್ಲ ಅಂದ್ರು, ಹಂಗಾಗಿ ಸದ್ಯಕ್ಕೆ ಪ್ರೊಜೆಕ್ಟರ್ ಟೀಪಾಯ್ ಮೇಲೆ. ಸಿನಿಮಾ ಇರೋ ಹೊತ್ತು ಫ್ಯಾನ್ ಒಂದನೇ ನಂಬರಲ್ಲಿ. ಸೋಫಾ ಕಾಲಿಗೆ ಫೆಲ್ಟ್ ಅಂಟಿಸಿ ಆಯ್ತು, ನಿನ್ನೆ ಅಮ್ಮನೇ ಒಬ್ರೇ ತಳ್ಳಿ ನೋಡಿದ್ರು. ಕಿಟಕಿಗೆ ಜಾಲರಿ ಅಳತೆ ತಗೊಂಡು ಹೋಗಿದಾರೆ.

ಮೇಸ್ತ್ರಿ ಲಿಂಟಲ್ ಗೋಡೆ ಪೂರ್ತಿ ಇದೆ ಅಂದ್ರು. ಭಾನುವಾರ ಬ್ರಾಕೆಟ್ ಹಾಕೋಕೆ ಬರ್ತಾರೆ. ಕೆಜಿಎಫ್ ಅಣ್ಣ, ಕರ್ಟನ್ ರಾಡ್ ಗೋಡೆಯಿಂದ ಮೂರೂವರೆ ಇಂಚು, ಕರ್ಟನ್ ಉಬ್ಬು ಸೇರಿ ಐದಿಂಚು ಆಯ್ತು. ಬ್ರಾಕೆಟ್ ಆರಿಂಚು ಸಾಕಾ, ಎಂಟಿಂಚು ತರ್ಲಾ?

---

ರಾಬರ್ಟ್‌ಸನ್‌ಪೇಟೆ_ವೈರಿಂಗ್

ಎಂಟು ತನ್ನಿ. ಸ್ಕ್ರೀನ್ ಬಟ್ಟೆ ಕೇಸ್ ಮಧ್ಯದಿಂದ ಇಳಿಯಲ್ಲ, ಕೆಲವು ಹಿಂದಗಡೆಯಿಂದ ಗೋಡೆ ಕಡೆಗೆ ಇಳೀತವೆ, ಆರಾದ್ರೆ ಕರ್ಟನ್‌ಗೆ ಸವರುತ್ತೆ. ಭಾನುವಾರ ಕೊರೆಯೋಕೆ ಮುಂಚೆ ಸ್ಪಿರಿಟ್ ಲೆವೆಲ್ ಇಟ್ಟು ಎರಡು ಬ್ರಾಕೆಟ್ಟೂ ಸಮ ಇದೆಯಾ ನೀವೇ ಖುದ್ದು ನೋಡಿ, ಕಿಟಕಿ ಫ್ರೇಮ್ ನೋಡ್ಕೊಂಡು ಅಳತೆ ಹಾಕೋಕೆ ಬಿಡ್ಬೇಡಿ, ಫ್ರೇಮೇ ಓರೆ ಇರುತ್ತೆ ಎಷ್ಟೋ ಸಲ. ಪ್ಯಾಕಿಂಗ್ ಬಿಚ್ಚಿದ ತಕ್ಷಣ ನೇತು ಹಾಕೋ ಮುಂಚೆ ನೆಲದ ಮೇಲೇ ಕರೆಂಟ್ ಕೊಟ್ಟು ಮೋಟರ್ ಒಂದ್ಸಲ ಓಡ್ಸಿ.